ತಿಂಗಳ ಓದು: ವೇಂಗಿಗೆ ಬಂದವರು, ವೇಂಗಿಯಿಂದ ಹೋದವರು

ಈ ಸಂಚಿಕೆಯಲ್ಲಿ ಐತಿಹಾಸಿಕ ಕಾದಂಬರಿಗಳ ವಿಷಯ ಬರೆಯುತ್ತೇವೆಂದು ವಾಚಕರಿಗೆ ಹಿಂದೆಯೇ ಮಾತು ಕೊಟ್ಟಿದ್ದೆವು. ಮಾತು ಕೊಡುವುದೇನೋ ಸುಲಭ. ಓದಬೇಕಾದರೆ ಕಣ್ಣು ಬೇಕು, ಬಿಡುವು ಬೇಕು, ಎಲ್ಲಕ್ಕಿಂತ ಮೊದಲು ಪುಸ್ತಕ ಬೇಕು. ಕಣ್ಣಿಗೆ ಹೊಸ ಕನ್ನಡಕ ಬಂದಿದೆ; ನಿವೃತ್ತಿಯ ದೆಸೆಯಿಂದ ಬಿಡುವು ಬೇಕಾದಷ್ಟಿದೆ. ಪುಸ್ತಕಗಳು ಮಾತ್ರ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದವು. ವಿಶಾಖಪಟ್ಟಣದ ಉಪ್ಪುಗಾಳಿಗೆ ರಟ್ಟು ಬಾಗಿ, ಹಾಳೆ ಹಳದಿಗಟ್ಟಿ, ನಮ್ಮಂತೆಯೇ ಮುದಿಯಾಗಿದ್ದವು.

ಟ್ರಂಕು ಕೆಳಗಿಳಿದದ್ದನ್ನು ಕಂಡು ನಮ್ಮಾಕೆ, "ಇಳಿಸಿದ್ದು ಇಳಿಸಿದಿರಿ, ಇನ್ನು ಇದನ್ನು ಬೆಜವಾಡಕ್ಕೆ ಮಗಳ ಮನೆಗೆ ಸಾಗಿಸಿಬಿಡಿ" ಎಂದಳು. ವಿಜಯವಾಡ ಎಂಬ ಹೆಸರು ಅವಳ ಬಾಯಲ್ಲಿ ಇನ್ನೂ ನೆಲೆ ನಿಂತಿಲ್ಲ. ಮಗಳಿಗೆ ಫೋನು ಮಾಡಿ ಕೇಳಿದೆವು. "ತನ್ನಿ ಅಪ್ಪ, ಬೇಡವೆನ್ನುತ್ತೇನೆಯೇ? ಆದರೆ ನನ್ನ ನಂತರ ಇವನ್ನು ಓದುವವರು ಯಾರು?" ಎಂದಳು. ಆ ಮಾತಿನಲ್ಲಿ ಕಟಕಿಯಿರಲಿಲ್ಲ, ಲೆಕ್ಕವಿತ್ತು. ಅವಳ ಮಗನಿಗೆ ಹತ್ತು ವರ್ಷ. ಮನೆಯಲ್ಲಿ ಕನ್ನಡ ಆಡುತ್ತಾನೆ, ಶಾಲೆಯಲ್ಲಿ ತೆಲುಗು ಮತ್ತು ಇಂಗ್ಲಿಷು ಬರೆಯುತ್ತಾನೆ. ಕನ್ನಡದ ಒಂದಕ್ಷರವನ್ನೂ ಅವನಿಗೆ ಯಾರೂ ಕಲಿಸಿಲ್ಲ. ಈ ಪ್ರಶ್ನೆ ನಮ್ಮೊಬ್ಬರ ಮನೆಯದಲ್ಲವೆಂದು ಬಲ್ಲೆವು. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕೈಗೆ ಬಂದದ್ದು ಮಾಸ್ತಿಯವರ 'ಚಿಕವೀರ ರಾಜೇಂದ್ರ'. 1956ರಲ್ಲಿ ಹೊರಬಂದ ಈ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. 1834ರಲ್ಲಿ ಕೊಡಗು ಕಂಪನಿಯವರ ವಶವಾದ ಕಥೆ. ರಾಜ ದುಷ್ಟ, ವ್ಯಸನಿ. ಅವನ ಕೈಯಲ್ಲಿ ಪ್ರಜೆಗಳು ನೊಂದರು ಎಂಬುದೇನೋ ನಿಜ. ಆದರೆ ಅವನನ್ನು ಇಳಿಸಿದ ಕೈಗೇ ನಾಡೂ ಹೋಯಿತು. ಮಂತ್ರಿ ಬೋಪಣ್ಣನ ಸಂಕಟ ಇದೇ: ಸ್ವಾಮಿನಿಷ್ಠೆ ದೊಡ್ಡದೋ, ನಾಡಿನ ಹಿತ ದೊಡ್ಡದೋ? ಮಾಸ್ತಿಯವರು ಎಲ್ಲಿಯೂ ದನಿ ಎತ್ತುವುದಿಲ್ಲ. ಮನೆಯ ಹಿರಿಯರೊಬ್ಬರು ಊಟವಾದ ಮೇಲೆ ನೆಂಟರ ಮನೆಯ ಕಷ್ಟವನ್ನು ಹೇಳುವ ಹಾಗೆ ಹೇಳುತ್ತಾರೆ. ಕಥೆಯ ನಡಿಗೆ ನಿಧಾನ, ಮಾತುಕತೆ ಹೆಚ್ಚು. ಅವಸರದವರು ಐವತ್ತು ಪುಟಕ್ಕೆ ಕೈಬಿಟ್ಟಾರು. ತಾಳಿದವರಿಗೆ, ಕೇಡಿನಲ್ಲಿ ಯಾರದೆಷ್ಟು ಪಾಲು ಎಂದು ಹಂಚಿ ಹೇಳುವುದು ಎಷ್ಟು ಕಷ್ಟವೆಂಬುದು ಮನಸ್ಸಿಗೆ ಬರುತ್ತದೆ.

ಪುಸ್ತಕ ಮುಚ್ಚಿದ ಮೇಲೆ ಒಂದು ಸಂಗತಿ ನೆನಪಾಯಿತು. ಮಾಸ್ತಿಯವರ ಮನೆಮಾತು ತಮಿಳು. ಕನ್ನಡದ ಕಥೆಗೆ ದಾರಿ ಹಾಕಿದವರ ಅಡಿಗೆಮನೆಯ ಮಾತು ಕನ್ನಡವಲ್ಲ! ಬೇಂದ್ರೆಯವರ ಮನೆಮಾತು ಮರಾಠಿ. ಹಿಂದೆ ಇದನ್ನು ಕನ್ನಡದ ಹಿರಿಮೆಗೆ ಸಾಕ್ಷಿಯೆಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದೆವು. ಈ ಸಲ ಮಾತ್ರ ಬೇರೊಂದು ಯೋಚನೆ ಬಂತು. ಆ ಮನೆಗಳ ಹಿರಿಯರೂ ಎಂದೋ ಒಂದು ದಿನ, "ನಮ್ಮ ಪುಸ್ತಕಗಳನ್ನು ಇನ್ನು ಓದುವವರು ಯಾರು?" ಎಂದು ಕೇಳಿಕೊಂಡಿರಲಾರರೆ?

ಎರಡನೆಯದು ತ.ರಾ.ಸು. ಅವರ 'ದುರ್ಗಾಸ್ತಮಾನ'. ಇದನ್ನು ವಿಜಯವಾಡದ ರೈಲಿನಲ್ಲಿ ಹಿಡಿದೆವು. ಸುಮಾರು 350 ಕಿಲೋಮೀಟರಿನ ಹಾದಿ. ಅನಕಾಪಲ್ಲಿ ದಾಟುವುದರೊಳಗೆ ನಾವು ಚಿತ್ರದುರ್ಗದಲ್ಲಿದ್ದೆವು. 1982ರಲ್ಲಿ ಪ್ರಕಟವಾದ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ. ಅದನ್ನು ಕೈಯಾರೆ ಪಡೆಯಲು ಕರ್ತೃ ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. 1779ರಲ್ಲಿ ಮದಕರಿ ನಾಯಕನ ದುರ್ಗ ಹೈದರಾಲಿಯ ಪಾಲಾದದ್ದು ಇದರ ವಸ್ತು. ಕಥೆ ಹೇಗೆ ಮುಗಿಯುತ್ತದೆಂದು ಹೆಸರೇ ಹೇಳಿಬಿಡುತ್ತದೆ. ಆದರೂ ಪ್ರತಿ ಅಧ್ಯಾಯದಲ್ಲಿ, ಈ ಸಲವಾದರೂ ಕೋಟೆ ಉಳಿದೀತೇನೋ ಎಂದು ಓದುಗ ಆಸೆಪಡುತ್ತಾನೆ. ಇದು ಸಾಮಾನ್ಯರ ಕೈಯಲ್ಲಿ ಆಗುವ ಕೆಲಸವಲ್ಲ. ಊರಿನ ಮೇಲಿನ ಪ್ರೀತಿ ಕೆಲವೆಡೆ ಕಥೆಯ ಕಟ್ಟನ್ನು ಮೀರಿ ಹರಿದಿದೆ ಎನಿಸಿತು. ಹುಟ್ಟಿದ ಊರನ್ನು ಬಿಟ್ಟುಬಂದ ನಮ್ಮಂಥವರಿಗೆ ಅದು ದೋಷವಾಗಿ ಕಾಣುವುದು ಕಷ್ಟ.

ಮೊಮ್ಮಗ ದಪ್ಪ ಪುಸ್ತಕವನ್ನು ಕಂಡು, "ತಾತ, ಇದರಲ್ಲಿ ಏನಿದೆ?" ಎಂದ. ಒನಕೆ ಓಬವ್ವನ ಊರಿನ ಕಥೆ ಎಂದೆವು. 1972ರ 'ನಾಗರಹಾವು' ಚಿತ್ರದಲ್ಲಿ ಓಬವ್ವನನ್ನು ಅವನು ನೋಡಿದ್ದ. ಆ ಚಿತ್ರಕ್ಕೂ ತ.ರಾ.ಸು. ಅವರ ಕಾದಂಬರಿಯೇ ಆಧಾರ. ಅಂದಿನಿಂದ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಗಟ್ಟಿಯಾಗಿ ಓದುವುದೆಂದು ಗೊತ್ತಾಯಿತು.

ಆ ಭಾನುವಾರ ಅವನನ್ನು ಕೊಂಡಪಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಮರದ ಬೊಂಬೆಗಳಿಗೆ ಹೆಸರಾದ ಊರು, ಮೇಲೆ ಕೋಟೆ. ಕೃಷ್ಣದೇವರಾಯ ಗಜಪತಿಯ ಮೇಲೆ ದಂಡೆತ್ತಿ ಬಂದಾಗ ಗೆದ್ದ ಕೋಟೆಗಳಲ್ಲಿ ಇದೂ ಒಂದು. ಹಾಗೆಯೇ ಮುಂದುವರಿದು ಅವನು 1516ರಲ್ಲಿ ನಮ್ಮ ವಿಶಾಖಪಟ್ಟಣದ ಸಿಂಹಾಚಲಕ್ಕೂ ಬಂದ. ಅಪ್ಪನ ಗುಡಿಯಲ್ಲಿ ಅವನ ಶಾಸನವಿದೆ. ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದಾಗ ಹುಡುಗ ತಡೆದು ಕೇಳಿದ: "ತಾತ, ರಾಯಲು ನಮ್ಮವನಾ, ಅವರವನಾ? ಆಮುಕ್ತಮಾಲ್ಯದ ತೆಲುಗಿನಲ್ಲಿ ಬರೆದನಂತೆ, ನಮ್ಮ ಟೀಚರು ಹೇಳಿದರು." "ನಮ್ಮವನೇ" ಎಂದುಬಿಟ್ಟೆವು. ಅವನು ಎರಡು ಮೆಟ್ಟಿಲು ಹತ್ತಿ ತಿರುಗಿ ನೋಡಿ, "ನಮ್ಮವನು ಅಂದರೆ ಯಾರವನು? ನಾನು ಹುಟ್ಟಿದ್ದು ಇಲ್ಲೇ ಅಲ್ಲವಾ?" ಎಂದ. ಉತ್ತರ ತೋಚಲಿಲ್ಲ. ಬಿಸಿಲು ಹೆಚ್ಚಾಯಿತೆಂದು ಹೇಳಿ ನೆರಳಿಗೆ ಕರೆದೆವು.

ಮಗಳ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಸಂಜೆ ಅವರಿಗೆ ಇದನ್ನು ಹೇಳಿ ನಕ್ಕೆವು. ಅವರು ನಗಲಿಲ್ಲ. ಒಳಗೆ ಹೋಗಿ ಒಂದು ಪುಸ್ತಕ ತಂದು, "ಓದಿ ನೋಡಿ" ಎಂದು ಕೈಗಿಟ್ಟರು. ನೋರಿ ನರಸಿಂಹ ಶಾಸ್ತ್ರಿಗಳ 'ನಾರಾಯಣ ಭಟ್ಟು'. ರೇಪಲ್ಲೆಯಲ್ಲಿ ವಕೀಲರಾಗಿದ್ದ ಇವರು ತೆಲುಗಿನ ಐತಿಹಾಸಿಕ ಕಾದಂಬರಿಕಾರರಲ್ಲಿ ಗಣ್ಯರು.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಲವತ್ತು ವರ್ಷ ಈ ನಾಡಿನ ಅನ್ನ ಉಂಡಿದ್ದೇವೆ. ಆಫೀಸಿನ ತೆಲುಗು ಬರುತ್ತದೆ, ತರಕಾರಿಯ ತೆಲುಗು ಬರುತ್ತದೆ, ಪತ್ರಿಕೆಯ ತಲೆಬರಹವನ್ನೂ ಓದುತ್ತೇವೆ. ಒಂದು ತೆಲುಗು ಕಾದಂಬರಿಯನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಅದುವರೆಗೂ ಓದಿರಲಿಲ್ಲ. ಹತ್ತು ವರ್ಷದ ಹುಡುಗ ಕನ್ನಡ ಓದುವುದಿಲ್ಲವೆಂದು ಕೊರಗುವ ನಾವು, ಎಪ್ಪತ್ತರ ಹತ್ತಿರ ಬಂದರೂ ಮಾಡಿದ್ದು ಇದೇ ಅಲ್ಲವೆ?

ಎಡವುತ್ತಾ ಓದಿದೆವು. ದಿನಕ್ಕೆ ಹತ್ತು ಪುಟ. ತಿಳಿಯದ ಮಾತಿಗೆ ಮೇಷ್ಟರು. ರಾಜಮಹೇಂದ್ರವರದಲ್ಲಿ ರಾಜರಾಜ ನರೇಂದ್ರ ಆಳುತ್ತಿದ್ದ ಹನ್ನೊಂದನೆಯ ಶತಮಾನದ ಕಥೆ. ಅವನ ಆಶ್ರಯದಲ್ಲಿ ನನ್ನಯ ತೆಲುಗಿನಲ್ಲಿ ಭಾರತವನ್ನು ಆರಂಭಿಸಿದ. ಆ ಕೆಲಸದಲ್ಲಿ ನೆರವಾದವನೆಂದು ನನ್ನಯನೇ ಸ್ಮರಿಸಿರುವವನು ನಾರಾಯಣ ಭಟ್ಟ. ನಂದಂಪೂಡಿಯ ಶಾಸನ ಈ ಭಟ್ಟನನ್ನು ಹಲವು ಭಾಷೆಗಳ ಕವಿಯೆಂದು ಹೊಗಳುತ್ತದೆ. ಆ ಭಾಷೆಗಳ ಸಾಲಿನಲ್ಲಿ ಕರ್ಣಾಟವೂ ಇದೆ. ತೆಲುಗಿನ ಆದಿಕವಿಯ ಪಕ್ಕದಲ್ಲಿ ಕನ್ನಡ ಬಲ್ಲ ಗೆಳೆಯನೊಬ್ಬ ಕುಳಿತಿದ್ದ!

ರಾಜರಾಜನಾದರೂ ಯಾರು? ಬಾದಾಮಿಯ ಇಮ್ಮಡಿ ಪುಲಕೇಶಿ ಏಳನೆಯ ಶತಮಾನದಲ್ಲಿ ವೇಂಗಿಯನ್ನು ಗೆದ್ದು, ತಮ್ಮ ಕುಬ್ಜ ವಿಷ್ಣುವರ್ಧನನನ್ನು ಅಲ್ಲಿ ನಿಲ್ಲಿಸಿದ. ಆ ತಮ್ಮನ ವಂಶದವನೇ ಈ ರಾಜ. ಹೊಳೆ ದಾಟಿ ಬಂದ ಕನ್ನಡದ ಮನೆ, ನಾಲ್ಕು ನೂರು ವರ್ಷಗಳಲ್ಲಿ ತೆಲುಗು ಕಾವ್ಯಕ್ಕೆ ತವರುಮನೆಯಾಯಿತು. ಕನ್ನಡಕ್ಕೆ ಇದು ನಷ್ಟವೆನ್ನೋಣವೇ? ಹಾಗೆನ್ನುವ ಮೊದಲು ಇನ್ನೊಂದು ಮನೆಯನ್ನು ನೆನೆಯಬೇಕು. ನಮ್ಮ ಪಂಪನ ಪೂರ್ವಿಕರು ಇದೇ ವೇಂಗಿ ನಾಡಿನವರು. ಅವರ ಪೀಳಿಗೆಯವನು 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಬರೆದು ಕನ್ನಡದ ಆದಿಕವಿಯಾದ. ಅವನ ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಪದ್ಯ ಕೆತ್ತಿಸಿದ. ಒಂದು ಮನೆ ಅಲ್ಲಿಂದ ಇಲ್ಲಿಗೆ, ಒಂದು ಮನೆ ಇಲ್ಲಿಂದ ಅಲ್ಲಿಗೆ. ಎರಡೂ ಕಡೆ ಭಾರತ ಹುಟ್ಟಿತು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿ, "ಕೊಂಡಪಲ್ಲಿಯಲ್ಲಿ ನಾವು ಕೊಟ್ಟ ಉತ್ತರ ಅರ್ಧ ತಪ್ಪು. ರಾಯ ಎರಡು ಮನೆಗೂ ಸೇರಿದವನು. ನೀನೂ ಹಾಗೆಯೇ" ಎಂದೆವು. ಅವನು ಗಂಭೀರವಾಗಿ ತಲೆದೂಗಿ, 'ದುರ್ಗಾಸ್ತಮಾನ'ವನ್ನು ತನ್ನ ಕಡೆಗೆ ಎಳೆದುಕೊಂಡ. ತೆಲುಗು ಬಲ್ಲವನಿಗೆ ಕನ್ನಡದ ಅಕ್ಷರಗಳು ಪರಕೀಯವಲ್ಲ. ದಾಯಾದಿಗಳ ಮಕ್ಕಳ ಹಾಗೆ ಮುಖ ಒಂದೇ, ತಲೆ ಬಾಚುವ ರೀತಿ ಬೇರೆ. 'ದ' ಬಂತು, 'ರ' ಬಂತು, 'ಗ' ಬಂತು. 'ಕ', 'ತ', 'ಶ'ಗಳ ಮುಂದೆ ನಿಂತು ನಮ್ಮ ಮುಖ ನೋಡಿದ. ನಮಗೆ ಮೇಷ್ಟರು ಹೇಳಿಕೊಟ್ಟಂತೆ ನಾವು ಅವನಿಗೆ ಹೇಳಿಕೊಟ್ಟೆವು. ಹೊರಡುವ ಹಿಂದಿನ ರಾತ್ರಿ, ಬೆರಳಿಟ್ಟುಕೊಂಡು, ಬೆವರುತ್ತಾ ಅರ್ಧ ಪುಟ ಓದಿದ. ಮಗಳು ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಏನೂ ಹೇಳಲಿಲ್ಲ.

ಮರಳಿ ಬರುವಾಗ ರೈಲು ಏಲೂರಿನಲ್ಲಿ ನಿಂತಿತು. ಹಳೆಯ ವೇಂಗಿ ಅಲ್ಲಿಗೆ ಹತ್ತಿರದ ಪೆದವೇಗಿ. ಈ ನಿಲ್ದಾಣವನ್ನು ನೂರು ಸಲ ದಾಟಿದ್ದೆವು. ಕಾಫಿ ಕುಡಿದದ್ದು ಬಿಟ್ಟರೆ ಬೇರೆ ನೆನಪಿರಲಿಲ್ಲ. ಈ ಸಲ ಕಿಟಕಿಯಿಂದ ಕಣ್ಣು ಕೀಳಲಾಗಲಿಲ್ಲ. ಗೋದಾವರಿಯ ಸೇತುವೆಯ ಮೇಲೆ, ನನ್ನಯನೂ ನಾರಾಯಣ ಭಟ್ಟನೂ ಯಾವ ಮಾತಿನಲ್ಲಿ ಹರಟುತ್ತಿದ್ದರೋ ಎಂದು ಯೋಚಿಸುತ್ತಿದ್ದೆವು. ಶಾಸನ ಅದನ್ನು ಹೇಳುವುದಿಲ್ಲ. ಕಾದಂಬರಿಕಾರನಿಗೆ ಕೆಲಸ ಹುಟ್ಟುವುದು ಅಲ್ಲಿಯೇ.

ಟ್ರಂಕು ಮಗಳ ಮನೆಯಲ್ಲೇ ಉಳಿಯಿತು. ಹುಡುಗ ಆ ಪುಸ್ತಕಗಳನ್ನೆಲ್ಲ ಓದಿಯಾನೆಂದು ನಾವು ಭರವಸೆ ಕೊಡಲಾರೆವು, ಪರೀಕ್ಷೆಗಳಿವೆ, ಕ್ರಿಕೆಟ್ಟಿದೆ. ಆದರೆ ಭಾನುವಾರ ರಾತ್ರಿ ಫೋನಿನಲ್ಲಿ ಒಂದು ಪುಟ ಓದಿ ಒಪ್ಪಿಸುತ್ತಿದ್ದಾನೆ. ಪ್ರತಿಯಾಗಿ ನಾವು ಅವನಿಗೆ ಒಂದು ಪುಟ ತೆಲುಗು ಓದಬೇಕೆಂದು ಕರಾರು. ತಪ್ಪು ಹೆಚ್ಚು ಮಾಡುವವರು ನಾವೇ.

ವಾಚಕರಲ್ಲಿ ಇಷ್ಟೇ ವಿಜ್ಞಾಪನೆ. ನಿಮ್ಮ ಅಟ್ಟದ ಪುಸ್ತಕವೊಂದನ್ನು ಕೆಳಗಿಳಿಸಿ. ಊಟವಾದ ಮೇಲೆ ಒಂದು ಪುಟ ಗಟ್ಟಿಯಾಗಿ ಓದಿ. ಹಾಗೆಯೇ ಪಕ್ಕದ ಮನೆಯವರ ಬಾಗಿಲು ತಟ್ಟಿ, ಅವರದೊಂದು ಪುಸ್ತಕ ಕೇಳಿ ತನ್ನಿ. ನಮ್ಮ ಮೇಷ್ಟರು ಈಗಾಗಲೇ ಎರಡನೆಯದನ್ನು ಕಳಿಸಿಕೊಟ್ಟಿದ್ದಾರೆ: ವಿಜಯವಾಡದಲ್ಲಿ ಬಾಳಿದ ವಿಶ್ವನಾಥ ಸತ್ಯನಾರಾಯಣರ 'ವೇಯಿಪಡಗಲು'. ಪುಸ್ತಕ ಬಲು ದಪ್ಪ. ಮುಂದಿನ ಸಂಚಿಕೆಯೊಳಗೆ ಮುಗಿದರೆ ಅದರ ಮಾತು. ಮುಗಿಯದಿದ್ದರೆ ಅರ್ಧದ ಮಾತು.