ಅಟ್ಟದ ಕತ್ತಿಗೆಲ್ಲ ಟಿಪ್ಪುವಿನ ಹೆಸರು ಬೇಡ

ಹಳೇ ಮನೆ ಕೆಡವುವಾಗ ಅಟ್ಟದಲ್ಲಿ ತುಕ್ಕು ಹಿಡಿದ ಕತ್ತಿಯೊಂದು ಸಿಕ್ಕಿತು ಅಂತಿಟ್ಟುಕೊಳ್ಳಿ. ಸಂಜೆಗೆ ಫೋಟೊ ವಾಟ್ಸಾಪ್ ಗ್ರೂಪಿನಲ್ಲಿ. ರಾತ್ರಿಯೊಳಗೆ ಅದು 'ಟಿಪ್ಪು ಕಾಲದ ಖಡ್ಗ'. ಮರುದಿನ ಸುದ್ದಿಯಲ್ಲೂ ಅದೇ ಹೆಡ್ಡಿಂಗು. ಮೂರನೇ ದಿನ ಬೈಕಿನಲ್ಲಿ ಬಂದ ವ್ಯಾಪಾರಿ ನಾಲ್ಕು ನೋಟು ಕೊಟ್ಟು ಒಯ್ದಾಯಿತು. ಇದು ಯಾವ ಕೆಲಸಕ್ಕೆ ಮಾಡಿದ ಕತ್ತಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಈ ಅವಸರದ ನಾಮಕರಣ ನಿಲ್ಲಬೇಕು ಅನ್ನುವುದು ನಮ್ಮ ವಾದ. ಸುಳ್ಳು ಹೆಸರಿನಿಂದ ನಷ್ಟ ಆಗುವುದು ಊರಿಗೆ, ವ್ಯಾಪಾರಿಗಲ್ಲ.

'ಟಿಪ್ಪು ಖಡ್ಗಕ್ಕೆ ಕೋಟಿ ಕೋಟಿ ಬಂತಲ್ಲ' ಅನ್ನುತ್ತೀರಿ. ನಿಜ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಅದು ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕಿದ್ದು, ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಕೊಟ್ಟಿದ್ದು ಅಂತ ಆ ಖಡ್ಗದ ಮೇಲೇ ಬರೆದಿದೆ. ದುಡ್ಡು ಬಂದದ್ದು ಆ ಪುರಾವೆಗೆ, ಬರೀ ಉಕ್ಕಿಗಲ್ಲ. ನಿಮ್ಮ ಕತ್ತಿಗೆ ಇರುವ ಪುರಾವೆ ಏನು? ಮನೆಯ ಅಜ್ಜಿಯ ನೆನಪು. ಅದನ್ನು ಕೇಳದೆ ಮಾರಿದರೆ ಕತ್ತಿ ಬರೀ ಗುಜರಿ.

ಕೊಡಗನ್ನು ನೋಡಿ. ಅಲ್ಲಿನ ಒಡಿಕತ್ತಿಯದು ಅಗಲವಾದ, ಭಾರದ ಅಲಗು. ಮುಂದಕ್ಕೆ ಬಾಗಿದೆ, ಹರಿತ ಒಳಬದಿಯಲ್ಲಿ. ಅದಕ್ಕೆ ಒರೆ ಇಲ್ಲ. ಸೊಂಟದ ಹಿಂದೆ ತೋಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುತ್ತಾರೆ. ಕಾಡು ಸವರಲೂ ಅದೇ, ಕಾಳಗಕ್ಕೂ ಅದೇ. ಇವತ್ತಿಗೂ ಮದುವೆಯಲ್ಲಿ ಬಾಳೆಕಂಬ ಕಡಿಯುವುದು ಅದರಲ್ಲೇ. ಮುಂದುಗಡೆ ಕೆಂಪು ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಯೇ ಬೇರೆ. ಕೈಲ್ ಪೊಳ್ದ್ ಹಬ್ಬದಲ್ಲಿ ಇವಕ್ಕೆಲ್ಲ ಪೂಜೆ. ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ 'ಆಯ್ದ ಕತ್ತಿ' ಅಂತ ಬರುವುದು ನಮ್ಮ 'ಆಯುಧ ಕತ್ತಿ'ಯೇ. ಹೊರಗಿನವರಿಗೆ ವಿಚಿತ್ರವಾಗಿ ಕಂಡದ್ದು ಅಲ್ಲಿನ ಮನೆಯವರಿಗೆ ದಿನಬಳಕೆಯ ವಸ್ತು.

ಹೀಗೇ ಅಡಕತ್ತರಿ, ಈಳಿಗೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿ. ಬಳಕೆ ಮರೆತವರ ಕಣ್ಣಿಗೆ ಇವೆಲ್ಲ 'ರಾಜರ ಕಾಲದ ಆಯುಧ'.

ಕತ್ತಿಯನ್ನು ಓದಲು ದೊಡ್ಡ ವಿದ್ಯೆ ಬೇಕಿಲ್ಲ. ಹರಿತ ಒಂದು ಬದಿಯೋ ಎರಡೂ ಬದಿಯೋ? ಹೊರಬಾಗಿನಲ್ಲೋ ಒಳಬಾಗಿನಲ್ಲೋ? ಕುಡುಗೋಲಿನ ಹಾಗೆ ಎಳೆದು ಕೊಯ್ಯುವುದೋ, ಕಠಾರಿಯ ಹಾಗೆ ಚುಚ್ಚುವುದೋ? ಅಲಗು ಎಲ್ಲಿ ಸವೆದಿದೆ? ಹಿಡಿ ಒಂದು ಕೈಗೋ, ಎರಡು ಕೈಗೋ? ಇಷ್ಟು ನೋಡಿ, ಆಮೇಲೆ ಊರಿನ ಕಮ್ಮಾರರನ್ನು, ಹಳೇ ತಲೆಗಳನ್ನು ಕೇಳಿ. ಹುಣಸೆಹಣ್ಣು, ಉಪ್ಪುಕಾಗದ ಹಾಕಿ ಮಾತ್ರ ಉಜ್ಜಬೇಡಿ. ಅಲಗಿನ ಗೆರೆ, ಗುರುತು, ಅಕ್ಷರ ಅಲ್ಲಿಗೆ ಮುಗಿಯಿತು. ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿದರೆ ಸಾಕು.

ಕಾನೂನೂ ಬಳಕೆಯನ್ನೇ ಕೇಳುತ್ತದೆ. ಕೃಷಿಗೆ, ಮನೆಬಳಕೆಗೆ ಎಂದೇ ಮಾಡಿದ ವಸ್ತುವನ್ನು 1959ರ ಶಸ್ತ್ರ ಕಾಯ್ದೆ ಆಯುಧದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಿರುವಾಗ ತಾತನ ಗೇಯ್ಮೆಯ ಕತ್ತಿಗೆ ಯುದ್ಧದ ಖಡ್ಗವೆಂದು ಡಂಗುರ ಹೊಡೆದು ತಲೆನೋವು ತಂದುಕೊಳ್ಳುವುದೇಕೆ? ಇನ್ನು 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದು ಪುರಾವಸ್ತು. ಅದರ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಬೈಕಿನಲ್ಲಿ ಬಂದವನನ್ನು ಮೊದಲು ಲೈಸೆನ್ಸ್ ಕೇಳಿ.

'ದೊಡ್ಡ ಹೆಸರಿಲ್ಲದಿದ್ದರೆ ಬೆಲೆ ಎಲ್ಲಿ?' ಅನ್ನುವವರಿಗೆ ನಮ್ಮ ಉತ್ತರ: ಆ ಕತ್ತಿ ಹಿಡಿದು ಕಾಡು ಕಡಿದವರು, ಗದ್ದೆ ಮಾಡಿದವರು, ಕುಲುಮೆಯಲ್ಲಿ ಅದನ್ನು ಬಡಿದವರು ನಮ್ಮವರೇ. ಅವರ ಹೆಸರು ಅರಮನೆಯ ಲೆಕ್ಕದಲ್ಲಿ ಇಲ್ಲ. ಇರುವ ಒಂದೇ ಸಾಕ್ಷಿ ಈ ಕಬ್ಬಿಣ. ಅದರ ಮೇಲೆ ರಾಜನ ಹೆಸರು ಅಂಟಿಸಿದರೆ ಅವರನ್ನು ಎರಡನೇ ಸಲ ಅಳಿಸಿದಂತೆ.

ಮಾರುವುದು ಬಿಡುವುದು ನಿಮ್ಮಿಷ್ಟ. ಅದಕ್ಕೆ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿ ಫೋಟೊ ತೆಗೆಯಿರಿ. ಎಲ್ಲಿ ಸಿಕ್ಕಿತು, ಯಾರು ಬಳಸುತ್ತಿದ್ದರು, ಮನೆಯಲ್ಲಿ ಏನಂತ ಕರೆಯುತ್ತಿದ್ದರು, ಬರೆದಿಡಿ. ಹಿರಿಯರು ಇರುವಾಗಲೇ ಬರೆದಿಡಿ.