ಸೌಟು ಬೇರೆ ಇಡಲು ನಮಗೆ ಬರುತ್ತದಲ್ಲ!

ಶಿರಾಳಕೊಪ್ಪದ ಕಡೆಯಿಂದ ಶಿವಮೊಗ್ಗಕ್ಕೆ ಓದಲು ಬಂದು ರೂಮು ಮಾಡಿರುವ ನಮ್ಮಂಥವರ ಬ್ಯಾಗಿನಲ್ಲಿ ಪುಸ್ತಕ ಇಲ್ಲದಿದ್ದರೂ ಅಮ್ಮ ಕೊಟ್ಟ ಶೇಂಗಾ ಚಟ್ನಿಪುಡಿ ಇದ್ದೇ ಇರುತ್ತದೆ. ಚಿತ್ರಾನ್ನಕ್ಕೆ ಶೇಂಗಾ, ಒಗ್ಗರಣೆ ಮಂಡಕ್ಕಿಗೆ ಶೇಂಗಾ, ಎಣ್ಣೆಗಾಯಿಗೂ ಶೇಂಗಾ. ಅದು ಯಾರಿಗಾದರೂ ಜೀವಕ್ಕೆ ಕುತ್ತಾಗಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ.

ನನ್ನ ರೂಮಿನ ಗೆಳೆಯನಿಗೆ ಶೇಂಗಾ ಅಲರ್ಜಿ. ಕೇಳಿಯೇ ಊಟಕ್ಕೆ ಕುಳಿತಿದ್ದರೂ ಒಂದು ಮೆಸ್ಸಿನಲ್ಲಿ ಬಡಿಸಿದ ಪಲ್ಯದಲ್ಲಿ ಶೇಂಗಾ ಪುಡಿ ಇತ್ತು. ಸ್ವಲ್ಪ ಹೊತ್ತಿನಲ್ಲೇ ತುಟಿ ಊದಿ, ಮೈತುಂಬ ದದ್ದೆದ್ದು, ಉಸಿರಾಡಲು ಕಷ್ಟವಾಗಿ ಆಸ್ಪತ್ರೆ ಸೇರಿದ. ಆಮೇಲೂ ಕೆಲವರು ‘ಸ್ವಲ್ಪ ಸ್ವಲ್ಪ ತಿಂದು ಅಭ್ಯಾಸ ಮಾಡ್ಕೋ’ ಎಂದರು. ಈಗ ಯಾರಾದರೂ ಊಟಕ್ಕೆ ಕರೆದರೆ ಅವನು ‘ಹಸಿವಿಲ್ಲ’ ಎನ್ನುತ್ತಾನೆ.

ಅಲರ್ಜಿ ಎಂದರೆ ನಖರಾ ಅಲ್ಲ. ಶೇಂಗಾದ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರು ಎಂದು ತಿಳಿದು ತಿರುಗಿ ಬೀಳುತ್ತದೆ. ಹುರಿದರೂ ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಕಾಳು ಆರಿಸಿ ತೆಗೆದರೂ ಅದರ ಅಂಶ ಒಗ್ಗರಣೆಯಲ್ಲಿ, ಸೌಟಿನಲ್ಲಿ ಉಳಿದಿರುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಮಾತ್ರೆ ಕೊಟ್ಟು ಕಾಯುವಂತಿಲ್ಲ, ತಕ್ಷಣ 108ಕ್ಕೆ ಕರೆ ಮಾಡಬೇಕು.

ನಮ್ಮ ರೂಮಿನಲ್ಲಿ ಕಂಡುಕೊಂಡ ದಾರಿ ಸರಳ: ನಾಲ್ವರಿಗೂ ಒಂದೇ ಬಾಣಲೆಯ ರಾತ್ರಿಯೂಟ. ಸೂರ್ಯಕಾಂತಿ ಎಣ್ಣೆಯಲ್ಲಿ ಚಿಕನ್ ಸಾಸೇಜ್ ತುಂಡುಗಳನ್ನು ಕೆಂಪಗೆ ಹುರಿದು, ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಟೊಮೆಟೊ, ಕ್ಯಾರೆಟ್, ಅರಿಶಿನ, ಖಾರದ ಪುಡಿ ಹಾಕುತ್ತೇವೆ. ತೊಳೆದ 2 ಲೋಟ ಅಕ್ಕಿಗೆ 4 ಲೋಟ ನೀರು, ಉಪ್ಪು. ಕುದಿ ಬಂದ ಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹದಿನೈದು–ಇಪ್ಪತ್ತು ನಿಮಿಷ. ಸಾಸೇಜ್ ಬೇಡವೆಂದ ದಿನ ಆಲೂಗಡ್ಡೆ. ತೊಳೆಯಲೂ ಒಂದೇ ಪಾತ್ರೆ!

ಅಂಗಡಿಯಲ್ಲೇ ಒಂದು ಕೆಲಸವಿದೆ: ಲೇಬಲ್ ಓದುವುದು. ಸಾಸೇಜಿನಲ್ಲಿ ಸೋಯಾ, ಗೋಧಿ, ಹಾಲಿನ ಪುಡಿ ಇರಬಹುದು. ಇಂಗಿನ ಡಬ್ಬಿಯಲ್ಲೂ ಗೋಧಿ ಹಿಟ್ಟು ಬೆರೆತಿರಬಹುದು. ಇಂಥ ಅಲರ್ಜಿಕಾರಕಗಳನ್ನು ಪ್ಯಾಕೆಟ್ ಮೇಲೆ ನಮೂದಿಸಬೇಕೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮ ಹೇಳುತ್ತದೆ. ಆದರೆ ಮೆಸ್ಸಿನ ಪಲ್ಯದ ಪಾತ್ರೆಗೆ ಲೇಬಲ್ ಇರುವುದಿಲ್ಲ. ಅಲ್ಲಿ ಬಡಿಸುವವರ ಮಾತೇ ಲೇಬಲ್.

‘ಒಬ್ಬನಿಗಾಗಿ ಎಲ್ಲರೂ ಯಾಕೆ ಬಿಡಬೇಕು?’ ಎಂದು ಕೇಳುವವರಿದ್ದಾರೆ. ಯಾರೂ ಏನನ್ನೂ ಬಿಡಬೇಕಿಲ್ಲ. ಹಾಕಿದ್ದನ್ನು ತೆಗೆಯಲಾಗದು, ಹಾಕದ್ದನ್ನು ಆಮೇಲೆ ಹಾಕಿಕೊಳ್ಳಬಹುದು. ನಮ್ಮ ಚಟ್ನಿಪುಡಿ ಡಬ್ಬಿಗಳು ಈಗಲೂ ಇವೆ, ಬೇರೆ ಕಪಾಟಿನಲ್ಲಿ, ಬೇರೆ ಚಮಚದೊಂದಿಗೆ. ಬೇಕಾದವರು ತಮ್ಮ ತಟ್ಟೆಗೆ ಹಾಕಿಕೊಂಡು, ಉಂಡ ಮೇಲೆ ತಟ್ಟೆ, ಕೈ ಸೋಪು ಹಾಕಿ ತೊಳೆಯುತ್ತಾರೆ.

ಇದೇನು ನಮಗೆ ಹೊಸತಲ್ಲ. ಮಾಂಸ ತಿನ್ನದವರು ಪಕ್ಕದಲ್ಲಿದ್ದರೆ ಸೌಟು, ಪಾತ್ರೆ ಬೇರೆ ಇಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಂಬಿಕೆಗೆ ಕೊಡುವ ಈ ಮರ್ಯಾದೆಯನ್ನು ಜೀವದ ಪ್ರಶ್ನೆಗೂ ಕೊಡಲಾಗದೇ?

ನಾಳೆ ಕೆಲಸ ಹುಡುಕಿಕೊಂಡು ನಮ್ಮಲ್ಲಿ ಬಹಳಷ್ಟು ಜನ ಬೆಂಗಳೂರಿನ ಪಿಜಿ ಸೇರುವವರೇ. ಬಾಡಿಗೆ, ವೈಫೈ ಪಾಸ್‌ವರ್ಡ್ ಕೇಳಿದ ಮೇಲೆ ಹೊಸ ರೂಮ್‌ಮೇಟ್‌ಗೆ ಇನ್ನೊಂದು ಪ್ರಶ್ನೆ ಕೇಳಿ: ‘ನಿನಗೆ ಯಾವುದಾದರೂ ಊಟ ಆಗಿಬರಲ್ವಾ?’