ಸ್ಟಾರ್ಟಪ್‌ಗೆ ಪ್ರೋತ್ಸಾಹಧನ, ರೊಟ್ಟಿ ಕೇಂದ್ರಕ್ಕೆ ‘ಬಿಟ್ಟಿ’ಯೇ?

ರಾಜ್ಯದ ಯಾವ ತಾಲ್ಲೂಕಿಗೆ ಹೋದರೂ ಕಾಣುವ ದೃಶ್ಯವಿದು. ಪಂಚಾಯಿತಿ ಕಚೇರಿಯ ಅಂಗಳದಲ್ಲಿ ಶಾಮಿಯಾನ. ಅದರ ಕೆಳಗೆ ಸಾಲಾಗಿ ನಿಲ್ಲಿಸಿದ ಹೊಲಿಗೆ ಯಂತ್ರಗಳು, ಒಂದೊಂದರ ಮೇಲೂ ಫಲಾನುಭವಿಯ ಹೆಸರು ಬರೆದು ಅಂಟಿಸಿದ ಚೀಟಿ. ಶಾಸಕರು ಬರುವುದು ತಡವಾಗುತ್ತದೆ. ಬಂದ ಮೇಲೆ ದೀಪ, ಹಾರ, ಭಾಷಣ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಫೋಟೊ. ಸಂಜೆ ಆಟೊ ಹಿಡಿದು ಯಂತ್ರವನ್ನು ಊರಿಗೆ ಸಾಗಿಸುವ ಹೆಣ್ಣುಮಗಳಿಗೆ ರವಿಕೆಯ ಕಟಿಂಗ್ ಯಾರು ಕಲಿಸುತ್ತಾರೆ, ಒಂದು ರವಿಕೆಗೆ ಎಷ್ಟು ಕೂಲಿ ಹಿಡಿಯಬೇಕು, ಬೆಲ್ಟ್ ಹರಿದರೆ ಯಾರನ್ನು ಕೇಳಬೇಕು ಎಂಬುದನ್ನು ಆ ವೇದಿಕೆಯಲ್ಲಿ ಯಾರೂ ಹೇಳಿರುವುದಿಲ್ಲ. ಕೆಲವು ಮನೆಗಳಲ್ಲಿ ಆ ಯಂತ್ರ ಸಂಸಾರವನ್ನೇ ಎತ್ತಿ ನಿಲ್ಲಿಸುತ್ತದೆ. ಇನ್ನು ಎಷ್ಟೋ ಮನೆಗಳಲ್ಲಿ ಮೂಲೆ ಸೇರಿ, ಮೇಲೊಂದು ಬಟ್ಟೆ ಹೊದ್ದು, ಟಿವಿ ಇಡುವ ಮೇಜಾಗುತ್ತದೆ.

ಮೂಲೆ ಸೇರಿದ ಆ ಯಂತ್ರವನ್ನು ತೋರಿಸಿ ಒಂದು ವಾದ ಹೂಡಲಾಗುತ್ತಿದೆ. ಗ್ಯಾರಂಟಿ ಯೋಜನೆಗಳು ಬಂದ ಮೇಲೆ ಅದಕ್ಕೆ ಇನ್ನಷ್ಟು ಧೈರ್ಯ ಬಂದಿದೆ: ಬಡವರಿಗೆ ಕೊಟ್ಟ ಹಣವೆಲ್ಲ ಬಿಟ್ಟಿ, ಸಹಾಯಧನದಿಂದ ಯಾವ ಉದ್ದಿಮೆಯೂ ಹುಟ್ಟುವುದಿಲ್ಲ, ಸರ್ಕಾರ ರಸ್ತೆ ಮಾಡಿಕೊಟ್ಟು ಸುಮ್ಮನಿರಬೇಕು. ಟಿವಿ ಚರ್ಚೆಯಿಂದ ಹಿಡಿದು ಬಸ್ ನಿಲ್ದಾಣದ ಟೀ ಅಂಗಡಿಯವರೆಗೆ ಈ ಮಾತು ಕೇಳುತ್ತದೆ. ಇದು ತಪ್ಪು ಮಾತು. ಹೇಳುವವರ ಸಂಖ್ಯೆ ಹೆಚ್ಚಿದಷ್ಟೂ ಇದರಿಂದ ಆಗುವ ಹಾನಿಯೂ ಹೆಚ್ಚು.

ಇದೇ ರಾಜ್ಯ ಸರ್ಕಾರದ ಇನ್ನೊಂದು ಯೋಜನೆಯನ್ನು ನೋಡಿ. 2017ರಲ್ಲಿ ಶುರುವಾದ ‘ಎಲಿವೇಟ್’ ಅಡಿಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದು ಸಾಲವಲ್ಲ, ಹಿಂತಿರುಗಿಸಬೇಕಿಲ್ಲ. ಕಂಪನಿಯಲ್ಲಿ ಸರ್ಕಾರ ಪಾಲನ್ನೂ ಕೇಳುವುದಿಲ್ಲ. ಇದನ್ನು ಯಾರೂ ಬಿಟ್ಟಿ ಅನ್ನುವುದಿಲ್ಲ, ಅನ್ನಲೂಬಾರದು. ಬೆಂಗಳೂರು ಇಂದು ಏನಾಗಿದೆಯೋ ಅದರ ಹಿಂದೆ ಇಂಥ ಪ್ರೋತ್ಸಾಹವೂ ಇದೆ. ಇನ್ನು ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮಹಿಳೆಗೆ ಸಿಗುವುದು ಹೆಚ್ಚೆಂದರೆ 3 ಲಕ್ಷ ರೂಪಾಯಿ ಸಾಲ, ಅದರಲ್ಲಿ ಅರ್ಧ ಸಹಾಯಧನ, ಉಳಿದರ್ಧವನ್ನು ಬ್ಯಾಂಕಿಗೆ ತೀರಿಸಲೇಬೇಕು. ಉಳಿದ ವರ್ಗದವರಿಗೆ ಸಹಾಯಧನ ಶೇ 30 ಮಾತ್ರ, 90 ಸಾವಿರದ ಮಿತಿ. ಐವತ್ತು ಲಕ್ಷವನ್ನು ಹೂಡಿಕೆ ಎಂದು ಕರೆದವರೇ ಒಂದೂವರೆ ಲಕ್ಷವನ್ನು ಬಿಟ್ಟಿ ಎಂದು ಕರೆದರೆ, ಅವರ ತಕರಾರು ಸಹಾಯಧನದ ಬಗ್ಗೆ ಇಲ್ಲ, ಪಡೆಯುವವರ ಬಗ್ಗೆ ಇದೆ.

ಎಲಿವೇಟ್ ಮತ್ತು ಹೊಲಿಗೆ ಯಂತ್ರದ ನಡುವಿನ ಅಂತರ ಮೊತ್ತದಲ್ಲಿ ಮಾತ್ರ ಇಲ್ಲ. ಎಲಿವೇಟ್‌ಗೆ ಅರ್ಜಿ ಹಾಕಿದವರು ತೀರ್ಪುಗಾರರ ಮುಂದೆ ನಿಂತು ತಮ್ಮ ಉದ್ದಿಮೆ ಏನು, ಗಿರಾಕಿ ಯಾರು, ಹಣವನ್ನು ಹೇಗೆ ಬಳಸುತ್ತೇವೆ ಎಂದು ವಿವರಿಸಬೇಕು. ಕೇಳುವವರು ಆ ಕ್ಷೇತ್ರ ಬಲ್ಲವರು. ತಾಲ್ಲೂಕಿನಲ್ಲಿ ಹಾಗಿಲ್ಲ. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮ, ಅಂಬೇಡ್ಕರ್ ಅಭಿವೃದ್ಧಿ ನಿಗಮದಂಥ ಸಂಸ್ಥೆಗಳ ಸ್ವಯಂ ಉದ್ಯೋಗ ಯೋಜನೆಗಳಲ್ಲಿ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಸಮಿತಿ. ಅರ್ಜಿ ರಾಶಿ ರಾಶಿ, ಗುರಿ ಬೆರಳೆಣಿಕೆ. ಆಗ ಪಟ್ಟಿ ಎಲ್ಲಿ ತಯಾರಾಗುತ್ತದೆ, ಅದಕ್ಕೆ ಯಾರ ಶಿಫಾರಸು ಬೇಕು ಎಂಬುದು ಪ್ರತಿ ಹಳ್ಳಿಗೂ ಗೊತ್ತು. ದುಡಿಮೆಯ ಛಲವಿದ್ದು ಯಾರ ಹಿಂದೆಯೂ ತಿರುಗದವರು ಹೊರಗೇ ಉಳಿಯುತ್ತಾರೆ.

ಆಯ್ಕೆ ಮೊದಲು, ತರಬೇತಿ ಆಮೇಲೆ. ರೋಗದ ಬೇರು ಇಲ್ಲಿದೆ. ಹೆಸರು ಪಟ್ಟಿಯಲ್ಲಿ ಬಂದ ಮೇಲೆ ಮೂರೋ ಆರೋ ದಿನದ ತರಬೇತಿ ಎಂದರೆ ಅದು ಸಹಿ ಹಾಕಿ ಪ್ರಮಾಣಪತ್ರ ಪಡೆಯುವ ಶಾಸ್ತ್ರವಾಗುತ್ತದೆ. ಹಣ ಖಚಿತವಾದವರು ಯಾಕೆ ಕಲಿಯಬೇಕು?

ಈ ಕ್ರಮವನ್ನು ತಿರುಗಿಸಿ ತೋರಿಸಿದ್ದು ಕರ್ನಾಟಕವೇ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ, ಉಜಿರೆಯಲ್ಲಿ ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಆದರೆ ಇರಬೇಕಾದ ದಿನಗಳಷ್ಟೂ ಅಲ್ಲೇ ಇರಬೇಕು. ಬೆಳಗ್ಗೆ ಎದ್ದು ಹಿಂದಿನ ದಿನ ಕಲಿತದ್ದನ್ನು ಎಲ್ಲರ ಮುಂದೆ ನಿಂತು ಹೇಳಬೇಕು. ಹಳ್ಳಿಯಿಂದ ಬಂದು ಮೊದಲ ದಿನ ಹೆಸರು ಹೇಳಲೂ ತಡವರಿಸುವ ಹುಡುಗ ಹತ್ತನೆಯ ದಿನಕ್ಕೆ ಬ್ಯಾಂಕ್ ಮ್ಯಾನೇಜರ್ ಜೊತೆ ಮಾತಾಡುವ ಸ್ಥಿತಿಗೆ ಬರುವುದು ಇಂಥ ಸಣ್ಣ ಅಭ್ಯಾಸಗಳಿಂದಲೇ. ತರಬೇತಿ ಮುಗಿದ ಮೇಲೂ ಸಂಸ್ಥೆ ಕೈಬಿಡುವುದಿಲ್ಲ; ಎರಡು ವರ್ಷ ಬೆನ್ನುಹತ್ತಿ ವಿಚಾರಿಸುತ್ತದೆ. ಸಾಲ ಸಿಕ್ಕಿತೇ, ಅಂಗಡಿ ತೆರೆದೆಯಾ, ಗಿರಾಕಿ ಬರುತ್ತಿದ್ದಾರೆಯೇ? ಈ ಮಾದರಿಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಇಡೀ ದೇಶಕ್ಕೆ ಒಪ್ಪಿಕೊಂಡು, ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು (ಆರ್‌ಸೆಟಿ) ತೆರೆಯಲು ಹೊರಟಿತು.

ಉದ್ಯಮಶೀಲತಾ ತರಬೇತಿಗಳಲ್ಲಿ ಆಡಿಸುವ ಒಂದು ಆಟವಿದೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಗಳು. ಎಷ್ಟು ದೂರದಿಂದ ಎಸೆಯಬೇಕೆಂದು ಆಡುವವರೇ ನಿರ್ಧರಿಸಬೇಕು. ಹತ್ತಿರದಿಂದ ಎಸೆದರೆ ಗೂಟಕ್ಕೆ ಬೀಳುತ್ತದೆ, ಅಂಕ ಕಡಿಮೆ. ತೀರಾ ದೂರದಿಂದ ಎಸೆದರೆ ಅಂಕ ಹೆಚ್ಚು, ಬೀಳುವುದು ಅದೃಷ್ಟವಿದ್ದರೆ. ನಾಲ್ಕೈದು ಸುತ್ತು ಆದಮೇಲೆ ಹೆಚ್ಚಿನವರು ತಾವಾಗಿಯೇ ನಡುವಿನ ದೂರಕ್ಕೆ ಬಂದು ನಿಲ್ಲುತ್ತಾರೆ. ಅಪಾಯವನ್ನು ಅಳೆದು ಹೆಜ್ಜೆ ಇಡುವುದು ಎಂದರೇನು ಎಂಬುದು ಯಾವ ಭಾಷಣವೂ ಇಲ್ಲದೆ ಮೈಗೆ ಹತ್ತುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1960ರ ದಶಕದಲ್ಲಿ ನೆರೆಯ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಇಂಥ ತರಬೇತಿ ಕೊಡಿಸಿ ಅಧ್ಯಯನ ಮಾಡಿದ್ದರು. ಸಣ್ಣ ಉದ್ದಿಮೆದಾರರನ್ನು ತಯಾರು ಮಾಡಬಹುದು ಎಂಬ ನಂಬಿಕೆಗೆ ನಮ್ಮ ನೆಲದಲ್ಲಿ ಅಷ್ಟು ಹಳೆಯ ಬೇರಿದೆ.

ಹೊಸ ಸಾಕ್ಷ್ಯವೂ ಇದೆ. ಆಫ್ರಿಕಾದ ಟೋಗೊ ದೇಶದಲ್ಲಿ 1,500 ಸಣ್ಣ ಉದ್ದಿಮೆಗಳನ್ನು ಮೂರು ಗುಂಪು ಮಾಡಿ ನೋಡಲಾಯಿತು. ಒಂದಕ್ಕೆ ಲೆಕ್ಕಪತ್ರ, ಮಾರಾಟ ಇತ್ಯಾದಿಗಳ ಮಾಮೂಲಿ ಪಾಠ. ಇನ್ನೊಂದಕ್ಕೆ ತಾನಾಗಿ ಮುಂದಡಿಯಿಡುವ, ಎಡವಿದರೆ ಬೇರೆ ದಾರಿ ಹುಡುಕುವ ಮನೋಭಾವದ ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡನೆಯ ಗುಂಪಿನ ಲಾಭ ಶೇ 30ರಷ್ಟು ಏರಿತ್ತು. ಮಾಮೂಲಿ ಪಾಠ ಕೇಳಿದವರದು ಶೇ 11, ಅದೂ ಖಚಿತವಾಗಿ ಹೇಳಲಾಗದಷ್ಟು ಸಣ್ಣ ಏರಿಕೆ. ಅಂದರೆ ಯಾವ ತರಬೇತಿ ಎಂಬುದೂ ಮುಖ್ಯ. ಇನ್ನು ಅನುದಾನದ ವಿಷಯ. ಶ್ರೀಲಂಕಾದಲ್ಲಿ ಸುನಾಮಿಯ ನಂತರ, 2005ರಲ್ಲಿ, ಸಣ್ಣ ಅಂಗಡಿ, ಗುಡಿ ಕೈಗಾರಿಕೆಗಳಿಗೆ ಅಲ್ಲಿನ 10 ಸಾವಿರ ಅಥವಾ 20 ಸಾವಿರ ರೂಪಾಯಿಯನ್ನು ಅನುದಾನವಾಗಿ ಕೊಟ್ಟ ಸಂಶೋಧಕರು ಕಂಡದ್ದು ತಿಂಗಳಿಗೆ ಸುಮಾರು ಶೇ 5ರ ಪ್ರತಿಫಲ. ಬ್ಯಾಂಕ್ ಬಡ್ಡಿಗೆ ಹೋಲಿಸಿದರೆ ಇದು ಬಹಳ ದೊಡ್ಡದು. ಆದರೆ ಮಹಿಳೆಯರು ನಡೆಸುತ್ತಿದ್ದ ಉದ್ದಿಮೆಗಳಲ್ಲಿ ಸರಾಸರಿ ಲಾಭವೇ ಕಾಣಲಿಲ್ಲ. ಸಹಾಯಧನದ ಪರ ಇರುವವರು ಈ ಕಹಿಯನ್ನೂ ನುಂಗಬೇಕು. ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ಮನೆಯೊಳಗಿನ ಖರ್ಚು, ಮಾರುಕಟ್ಟೆಗೆ ಹೋಗಲಾಗದ ಕಟ್ಟುಪಾಡು ಹೆಣ್ಣಿನ ಬಂಡವಾಳವನ್ನು ನುಂಗುವುದು ಕೊಲಂಬೊದಲ್ಲೂ ಉಂಟು, ಕೊಪ್ಪಳದಲ್ಲೂ ಉಂಟು.

ಹಾಗಾದರೆ ಹೆಣ್ಣುಮಕ್ಕಳ ಕೈಯಲ್ಲಿ ಉದ್ದಿಮೆ ನಿಲ್ಲುವುದು ಹೇಗೆ? ಉತ್ತರ ಕಲಬುರಗಿಯ ಒಲೆಯ ಮುಂದೆ ಸಿಗುತ್ತದೆ. ಜೋಳದ ರೊಟ್ಟಿ ಬಡಿಯುವುದನ್ನು ಅಲ್ಲಿನ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ಬಿಸಿನೀರು ಹಾಕಿ ಹಿಟ್ಟು ನಾದಿ, ಅಂಗೈಯಲ್ಲಿ ಬಡಿದು ಅಗಲ ಮಾಡಿ, ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಿ ತಿರುವಿ ಹಾಕುವ ಕೈಗಳಿಗೆ ಆ ಹದ ತಾಯಿಯಿಂದ ಬಂದದ್ದು. ಗೊತ್ತಿಲ್ಲದ್ದು ಬೇರೆ. ಜೋಳದ ದರ ಗೊತ್ತು, ಗಿರಣಿಗೆ ಕೊಟ್ಟದ್ದು ಗೊತ್ತು. ಕಟ್ಟಿಗೆ ಅಥವಾ ಗ್ಯಾಸ್ ಅರ್ಧ ಲೆಕ್ಕಕ್ಕೆ ಬರುತ್ತದೆ, ಅರ್ಧ ಮನೆಯ ಖರ್ಚಿನಲ್ಲಿ ಕರಗುತ್ತದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಡಿದ ತನ್ನ ಕೂಲಿ ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ. ರೊಟ್ಟಿಗೆ ಇಷ್ಟು ಎಂದು ಪಕ್ಕದ ಮನೆಯವರು ಮಾರುವ ದರಕ್ಕೇ ಇವರೂ ಮಾರುತ್ತಾರೆ. ತಿಂಗಳ ಕೊನೆಗೆ ಕೈ ಬರಿದು. ಕೂಲಿಯನ್ನೂ ಸೇರಿಸಿ ದರ ಕಟ್ಟುವುದು, ಒಣಗಿಸಿದ ಖಡಕ್ ರೊಟ್ಟಿಯನ್ನು ಮುರಿಯದಂತೆ ಪ್ಯಾಕ್ ಮಾಡುವುದು, ಪೊಟ್ಟಣದ ಮೇಲೆ ತೂಕ, ತಯಾರಿಸಿದ ದಿನಾಂಕ, ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ ಹಾಕುವುದು: ಇಷ್ಟು ಕಲಿತರೆ ಅದೇ ಕೈ, ಅದೇ ರೊಟ್ಟಿ, ಬೇರೆಯದೇ ವ್ಯಾಪಾರ.

ಜಿಲ್ಲಾಡಳಿತ ಅಲ್ಲಿ ಸ್ವಸಹಾಯ ಸಂಘಗಳನ್ನು ಒಟ್ಟುಗೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ತಂದಿತು. ಯಂತ್ರಕ್ಕೆ ನೆರವು, ತರಬೇತಿ, ಪ್ಯಾಕಿಂಗ್, ಆನ್‌ಲೈನ್ ಮಾರಾಟ ಎಲ್ಲ ಒಂದರ ಹಿಂದೆ ಒಂದಾಗಿ ಬಂದವು. 2025ರ ಜೂನ್‌ನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಇದನ್ನು ಹೊಗಳಿದಾಗ, ಅಲ್ಲಿನ ಮಹಿಳೆಯರ ಸಹಕಾರ ಸಂಘದಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿದೆ, ಬೆಂಗಳೂರಿನಲ್ಲೂ ಅದರ ವಿಶೇಷ ಕೌಂಟರ್ ತೆರೆದಿದೆ ಎಂದು ತಿಳಿಸಿದರು. ರಾಜ್ಯದಲ್ಲಿ ಒಂದು ಪಕ್ಷ, ಕೇಂದ್ರದಲ್ಲಿ ಇನ್ನೊಂದು ಪಕ್ಷ. ರೊಟ್ಟಿಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲೂ ಈ ಬಗೆಯ ಎಚ್ಚರ ಸ್ವಲ್ಪ ಕಾಣುತ್ತದೆ. 2020ರಲ್ಲಿ ಬಂದ ಈ ಯೋಜನೆಯಲ್ಲಿ ಕೇಂದ್ರ ಶೇ 35 ಸಹಾಯಧನ ಕೊಟ್ಟರೆ ಕರ್ನಾಟಕ ತನ್ನ ಶೇ 15 ಸೇರಿಸುತ್ತದೆ. ಗರಿಷ್ಠ 15 ಲಕ್ಷ. ಮಂಡ್ಯಕ್ಕೆ ಬೆಲ್ಲ, ಕೋಲಾರಕ್ಕೆ ಟೊಮೆಟೊ, ವಿಜಯಪುರಕ್ಕೆ ನಿಂಬೆ, ಬಳ್ಳಾರಿಗೆ ಅಂಜೂರ ಎಂದು ಜಿಲ್ಲೆಗೊಂದು ಉತ್ಪನ್ನ ಗುರುತಿಸಲಾಗಿದೆ. ಯೋಜನಾ ವರದಿ ಬರೆದುಕೊಟ್ಟು ಬ್ಯಾಂಕಿನ ಬಾಗಿಲವರೆಗೆ ಜೊತೆಗೆ ಬರಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಹೊಲಿಗೆ ಯಂತ್ರದ ಯೋಜನೆಯಲ್ಲಿ ಇಲ್ಲದಿರುವುದು ಈ ಜೊತೆಗಾರರೇ.

ಶಾಸಕರ ಸಮಿತಿಯನ್ನು ಸಮರ್ಥಿಸುವವರ ವಾದವನ್ನೂ ಕೇಳೋಣ. ಜನರಿಂದ ಆರಿಸಿ ಬಂದವರಿಗೆ ಊರಿನ ಬಡವರು ಯಾರೆಂದು ಗೊತ್ತು, ಅಧಿಕಾರಿಗಳ ಕೈಗೆ ಬಿಟ್ಟರೆ ದಲ್ಲಾಳಿಗಳು ನುಗ್ಗುತ್ತಾರೆ ಎನ್ನುತ್ತಾರೆ ಅವರು. ಅಧಿಕಾರಿಗಳ ಮೇಲಿನ ಅನುಮಾನ ಸುಳ್ಳಲ್ಲ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಲ್ಲಿ ನಡೆದದ್ದು ಎಲ್ಲರ ಕಣ್ಣ ಮುಂದಿದೆ. 2024ರಲ್ಲಿ ನಿಗಮದ ಹಣ ಅಕ್ರಮವಾಗಿ ವರ್ಗವಾಯಿತು, ಅಧಿಕಾರಿಯೊಬ್ಬರು ಜೀವ ಕಳೆದುಕೊಂಡರು, ಸಚಿವರು ರಾಜೀನಾಮೆ ಕೊಟ್ಟರು. ಹೋದದ್ದು ಆರೋಪದಲ್ಲಿರುವ 187 ಕೋಟಿ ಅಲ್ಲ, 89.63 ಕೋಟಿ ಎಂದು ಮುಖ್ಯಮಂತ್ರಿ ಸದನದಲ್ಲಿ ಹೇಳಿದರು. ಅದೇ ಸಣ್ಣ ಮೊತ್ತ ಎಂದಿಟ್ಟುಕೊಂಡರೂ, ತಲಾ ಒಂದೂವರೆ ಲಕ್ಷ ಸಹಾಯಧನದಂತೆ ಸುಮಾರು ಆರು ಸಾವಿರ ಕುಟುಂಬಗಳ ಪಾಲಿನ ಹಣ ಅದು. ಆದರೆ ಈ ಹಗರಣ ಶಾಸಕರ ಸಮಿತಿಗೆ ಬಲ ಕೊಡುವುದಿಲ್ಲ. ಹಣ ಎಲ್ಲಿಗೆ ಹೋಯಿತು, ಉದ್ದಿಮೆ ನಿಂತಿತೇ ಎಂದು ನೋಡುವವರೇ ಇಲ್ಲದ ಕಡೆ ಲೂಟಿ ಸುಲಭ ಎಂಬುದನ್ನಷ್ಟೇ ಅದು ತೋರಿಸುತ್ತದೆ.

ಪರಿಶಿಷ್ಟರು, ಹಿಂದುಳಿದವರು, ಅಂಗವಿಕಲರು, ಒಂಟಿ ಮಹಿಳೆಯರಿಗೆ ಮೀಸಲಾದ ಪಾಲು ಒಂದು ರೂಪಾಯಿಯೂ ಕಡಿಮೆಯಾಗಬಾರದು. ಆ ಪಾಲಿನೊಳಗೆ ಯಾರು ಎಂಬುದನ್ನು ಮಾತ್ರ ಕಲಿಕೆ ನಿರ್ಧರಿಸಲಿ. ಆಸಕ್ತಿ ಇರುವ ಎಲ್ಲರಿಗೂ ಮೊದಲು ತರಬೇತಿ, ಮುಗಿಸಿದವರಿಂದ ಪುಟ್ಟ ಯೋಜನೆ, ಅದನ್ನು ಕೇಳಲು ತರಬೇತುದಾರರು, ಬ್ಯಾಂಕಿನವರು, ಅದೇ ಕಸುಬಿನಲ್ಲಿ ಪಳಗಿದ ಇಬ್ಬರು. ಶಾಸಕರು ಮೇಲ್ವಿಚಾರಣೆ ಮಾಡಲಿ, ವರ್ಷಕ್ಕೊಮ್ಮೆ ಲೆಕ್ಕ ಕೇಳಲಿ. ಸಹಾಯಧನ ಒಂದೇ ಕಂತಿನಲ್ಲಿ ಕೈಸೇರಬೇಕಿಲ್ಲ. ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಉದ್ದಿಮೆ ನಡೆಯುತ್ತಿದೆ ಎಂದು ಪರಿಶೀಲಿಸಿದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಒಳ್ಳೆಯ ನಿಯಮ. ನಿಗಮಗಳೂ ಇದನ್ನು ಅಳವಡಿಸಿಕೊಳ್ಳಬಹುದು.

ಬ್ಯಾಂಕುಗಳ ಮಾತು ಬಂದಾಗ ಸಿಟ್ಟು ಬರದೇ ಇರುವುದಿಲ್ಲ. ಹತ್ತು ಲಕ್ಷದವರೆಗಿನ ಸಣ್ಣ ಉದ್ದಿಮೆ ಸಾಲಕ್ಕೆ ಅಡಮಾನ ಕೇಳಕೂಡದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಇಂದಿಗೂ ತರಬೇತಿ ಮುಗಿಸಿ ಪ್ರಮಾಣಪತ್ರ ಹಿಡಿದು ಹೋದ ಹೆಣ್ಣುಮಗಳಿಗೆ ಕೌಂಟರ್‌ನಲ್ಲಿ ಸಿಗುವ ಮೊದಲ ಪ್ರಶ್ನೆ ‘ಜಾಮೀನು ಯಾರು ಹಾಕ್ತಾರಮ್ಮ?’ ಎಂದೇ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಕುಶಲಕರ್ಮಿಗೆ ದಿನಕ್ಕೆ 500 ರೂಪಾಯಿ ಭತ್ಯೆಯೊಂದಿಗೆ ತರಬೇತಿ, 15 ಸಾವಿರ ರೂಪಾಯಿಯ ಸಲಕರಣೆ, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ ಎಂದು ಮೂರನ್ನೂ ಒಂದೇ ಸರದಲ್ಲಿ ಪೋಣಿಸಿತು. ಕಲ್ಪನೆ ಚೆನ್ನಾಗಿದೆ. ಆದರೆ ಬ್ಯಾಂಕಿನ ಶಾಖೆಯಲ್ಲಿ ಕಡತ ನಿಂತರೆ ಕಮ್ಮಾರನ ಕೈಯಲ್ಲಿ ಉಳಿಯುವುದು ಪ್ರಮಾಣಪತ್ರ ಮತ್ತು ಒಂದು ಪೆಟ್ಟಿಗೆ. ಪ್ರತಿ ಶಾಖೆ ಎಷ್ಟು ಅರ್ಜಿ ತಿರಸ್ಕರಿಸಿತು, ಯಾವ ಕಾರಣಕ್ಕೆ ಎಂಬುದನ್ನು ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಭೆಯಲ್ಲಿ ಓದಿ ಹೇಳಬೇಕು, ಪತ್ರಿಕೆಯವರನ್ನು ಒಳಗೆ ಕೂರಿಸಿಕೊಂಡು.

ಇಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಬಜೆಟ್ ಬೇಕಿಲ್ಲ. ತಾಲ್ಲೂಕಿನಲ್ಲಿ ಎರಡು ವರ್ಷದ ಹಿಂದೆ ಹೊಲಿಗೆ ಯಂತ್ರ, ಸಾಲ, ಸಹಾಯಧನ ಪಡೆದವರ ಪಟ್ಟಿ ಕಚೇರಿಯಲ್ಲಿದೆ. ಮುಂದಿನ ಶಾಮಿಯಾನ ಹಾಕುವ ಮೊದಲು ಯಾರಾದರೂ ಆ ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ, ಯಂತ್ರದ ಮೇಲಿನ ಬಟ್ಟೆ ಸರಿಸಿ, ‘ಯಾಕಮ್ಮ ನಿಂತುಹೋಯ್ತು?’ ಎಂದು ಕೇಳಿ ಬರೆದುಕೊಂಡು ಬರಲಿ. ಮುಂದಿನ ಆಯ್ಕೆ ಸಮಿತಿಯ ಸಭೆ ಆ ಪುಟಗಳನ್ನು ಓದಿದ ಮೇಲೆಯೇ ಆರಂಭವಾಗಲಿ.